‘ಸರ್ವೆ ಎಕ್ಸ್‌ಪೆರಿಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಮಾಜ ಸಂಶೋಧನೆಯ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸರ್ವೆ ಎಕ್ಸ್‌ಪೆರಿಮೆಂಟ್’ ಎಂಬಲ್ಲಿ ಕೆಲಸ ನಿಂತಿದೆ. ‘ಪ್ರಾಯೋಗಿಕ ಸಮೀಕ್ಷೆ’ ಅಂದರೆ ಆಯ್ತಲ್ವಾ ಎನ್ನಬಹುದು. ಆಗುವುದಿಲ್ಲ. ‘ಪ್ರಾಯೋಗಿಕವಾಗಿ ಜಾರಿ’ ಎಂದು ಓದಿ ಓದಿ ನಮಗೆ ಆ ಪದದಿಂದ ಹೊಳೆಯುವುದು, ಮೊದಲು ಸಣ್ಣದಾಗಿ ಮಾಡಿ ನೋಡುವುದು. ಅದು ಪೈಲಟ್ ಸರ್ವೆ. ಇಲ್ಲಿರುವುದು ಪೂರ್ತಿ ಸಮೀಕ್ಷೆ, ಅದರ ಹೊಟ್ಟೆಯಲ್ಲೊಂದು ಪ್ರಯೋಗ.

ಜನಾಭಿಪ್ರಾಯ ಸಂಶೋಧಕ ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದ್ದು ಇಂಥದ್ದೇ. ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ‘ಅವಕಾಶ ಕೊಡಬೇಕೇ?’ ಎಂದು ಅಮೆರಿಕದ ಒಂದಷ್ಟು ಜನರನ್ನು ಕೇಳಿದರು. ಇನ್ನೊಂದು ಗುಂಪಿಗೆ ‘ನಿಷೇಧಿಸಬೇಕೇ?’ ಎಂಬ ಪ್ರಶ್ನೆ. ತರ್ಕಕ್ಕೆ ಎರಡೂ ಒಂದೇ. ಆದರೆ ‘ಅವಕಾಶ ಬೇಡ’ ಅಂದವರ ಪಾಲು ‘ನಿಷೇಧಿಸಿ’ ಅಂದವರ ಪಾಲಿಗಿಂತ ಸಾಕಷ್ಟು ಜಾಸ್ತಿ ಬಂತು. ಪದದ ಹುಚ್ಚು ಹಿಡಿದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ! ಸದ್ಯಕ್ಕೆ ‘ಸಮೀಕ್ಷೆಯೊಳಗಿನ ಪ್ರಯೋಗ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ.

ಇದಕ್ಕಿಂತ ಕಾಡುತ್ತಿರುವುದು ‘ಯಾದೃಚ್ಛಿಕ’, ಅಂದರೆ ‘ರಾಂಡಮ್’, ಚೀಟಿ ಎತ್ತಿದ ಹಾಗೆ. ಈ ಮಾತು ನೋಡಿ: ‘600 ಜನರನ್ನು ಯಾದೃಚ್ಛಿಕವಾಗಿ ಆರಿಸಿ ಮೊದಲ ಪ್ರಶ್ನೆ ಕೇಳಲಾಯಿತು.’ ಎಲ್ಲಿಂದ ಆರಿಸಿದ್ದು? ಇಡೀ ಜನಸಂಖ್ಯೆಯಿಂದಲೋ, ಆಗಲೇ ಸಮೀಕ್ಷೆಗೆ ಸಿಕ್ಕ 1,200 ಜನರಿಂದಲೋ? ವ್ಯತ್ಯಾಸ ಸಣ್ಣದಲ್ಲ. ಜನಸಂಖ್ಯೆಯಿಂದ ಚೀಟಿ ಎತ್ತಿ ಆರಿಸಿದರೆ, ಸಿಕ್ಕವರ ಉತ್ತರದಿಂದ ಎಲ್ಲರ ಬಗ್ಗೆ ಅಂದಾಜು ಮಾಡಬಹುದು. ಸಿಕ್ಕವರನ್ನೇ ಚೀಟಿ ಎತ್ತಿ ಎರಡು ಗುಂಪು ಮಾಡಿದರೆ, ಉತ್ತರ ಬದಲಾಗಿದ್ದು ಪ್ರಶ್ನೆಯಿಂದಲೇ ಎನ್ನಬಹುದು. ಸುಮ್ನೆ ಬಂದ ಸ್ವಯಂಸೇವಕರನ್ನೇ ಹಿಡಿದು ಹಂಚಿದರೂ ಎರಡನೆಯದು ನಡೆಯುತ್ತದೆ, ಮೊದಲನೆಯದು ನಡೆಯುವುದಿಲ್ಲ. ಎರಡೂ ಸೇರಿದಾಗಲೇ ಈ ವಿಧಾನಕ್ಕೆ ಬಲ. ಹಾಗಾಗಿ ‘ಯಾದೃಚ್ಛಿಕ ಆಯ್ಕೆ’, ‘ಯಾದೃಚ್ಛಿಕ ಹಂಚಿಕೆ’ ಎಂದು ಬೇರೆ ಬೇರೆ ಇಡುವುದು ವಾಸಿ ಅನ್ನಿಸುತ್ತದೆ. ‘ಚೀಟಿ ಆಯ್ಕೆ’, ‘ಚೀಟಿ ಹಂಚಿಕೆ’ ನನಗಿನ್ನೂ ಇಷ್ಟ. ಸಂಪಾದಕರು ಒಪ್ಪಬೇಕಷ್ಟೆ.

‘ಮಾದರಿ’ಯ ಜಗಳ ಇಲ್ಲಿ ಬೇಡ. ಸ್ಯಾಂಪಲ್ಲಿಗೂ ಅದೇ, ಮಾಡೆಲ್ಲಿಗೂ ಅದೇ. ಸಂದರ್ಭ ನೋಡಿ ಓದಿಕೊಳ್ಳುತ್ತಾರೆ.

ಉತ್ತರ ನಿಜಕ್ಕೂ ಬೇಕಿರುವುದು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ‘ಇಂಟರ್‌ಪೆನಿಟ್ರೇಟಿಂಗ್ ಸಬ್‌ಸ್ಯಾಂಪಲ್’ಗೆ. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಅವರು ಇದನ್ನು ಬಳಸಿದರು. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿ ತೆಗೆದು, ಬೇರೆ ಬೇರೆ ತಂಡಕ್ಕೆ ಒಪ್ಪಿಸುವುದು. ಎರಡು ತಂಡದ ಲೆಕ್ಕ ತೀರಾ ಬೇರೆ ಬಂದರೆ, ಎಣಿಸಿದವರ ಕೈಯಲ್ಲೇ ಎಡವಟ್ಟಿದೆ ಎಂಬ ಸುಳಿವು. ಇದೂ ಒಂದು ಪ್ರಯೋಗವೇ, ಪ್ರಶ್ನೆಯ ಮೇಲಲ್ಲ, ಕೇಳುವವರ ಮೇಲೆ. ‘ಅಂತರ್ವ್ಯಾಪಿ’ ಅಂದರೆ ಓದುಗ ಅಲ್ಲೇ ಪುಟ ಮುಚ್ಚುತ್ತಾನೆ. ‘ಹೆಣೆದ ಉಪಮಾದರಿ’ ಅನ್ನಬಹುದೇ? ಹೆಣೆದದ್ದು ಅಂದರೆ ಒಂದಕ್ಕೊಂದು ಕಟ್ಟಿಬಿದ್ದ ಹಾಗೆ ಕೇಳಿಸುತ್ತದೆ, ಇವು ಸ್ವತಂತ್ರವಾಗಿರಬೇಕು. ಬೇರೇನಾದರೂ ಹೊಳೆದರೆ ತಿಳಿಸಿ.