ಹಿಂಗೋಡೆ ದಪ್ಪ ಇದ್ದರೆ ಸಾಕಾ? ಅಡಿನೊಮಯೋಸಿಸ್ (ಗರ್ಭಕೋಶದ ಒಳಪದರದ ಅಂಗಾಂಶ ಅದರ ಸ್ನಾಯುಗೋಡೆಯೊಳಗೆ ಬೆಳೆಯೋದು) ಅನ್ನೋಕೆ ಇನ್ನೇನು ನೋಡಬೇಕು?

ರೇಡಿಯೋ_ಪಿಜಿ:
ವಯಸ್ಸು 38, ಮುಟ್ಟಿನಲ್ಲಿ ಜಾಸ್ತಿ ರಕ್ತ, ನೋವು. ಟಿವಿಎಸ್‌ನಲ್ಲಿ (ಯೋನಿ ಮೂಲಕ ಮಾಡೋ ಅಲ್ಟ್ರಾಸೌಂಡ್) ಗರ್ಭಕೋಶದ ಹಿಂಗೋಡೆ 28 ಮಿ.ಮೀ., ಮುಂಗೋಡೆ 14. ಫೈಬ್ರಾಯ್ಡ್‌ಗೆ (ಸ್ನಾಯುವಿನ ಗಡ್ಡೆ) ಇರೋ ಹಾಗೆ ಅಂಚು ಸಿಗುತ್ತಿಲ್ಲ. ‘ಬಲ್ಕಿ ಯುಟೆರಸ್ (ದೊಡ್ಡದಾದ ಗರ್ಭಕೋಶ), ಅಡಿನೊಮಯೋಸಿಸ್’ ಅಂತ ಬರೆಯಬಹುದಾ? ಎಂಆರ್‌ಐ ಬೇಕಾದರೆ ಯಾವಾಗ ಮಾಡಿಸೋದು?

ಬೀಸಣಿಗೆ:
ಬರೀ ದಪ್ಪ ನೋಡಿ ಬರೆಯಬೇಡಿ. ಗೋಡೆಗಳ ಏರುಪೇರು, ದುಂಡಗಾದ ಗರ್ಭಕೋಶ, ಬೀಸಣಿಗೆ ಥರ ಹರಡೋ ನೆರಳು, ಇವೆಲ್ಲ 2022ರ ಪರಿಷ್ಕೃತ ಮೂಸಾ (ಗರ್ಭಕೋಶದ ಅಲ್ಟ್ರಾಸೌಂಡ್ ವರ್ಣನೆಗೆ ತಜ್ಞರು ಮಾಡಿದ ಮಾನದಂಡ) ಒಮ್ಮತದಲ್ಲಿ ಪರೋಕ್ಷ ಲಕ್ಷಣಗಳು. ನೇರ ಲಕ್ಷಣ ಮೂರೇ: ಸ್ನಾಯುವಿನೊಳಗೆ ಸಿಸ್ಟ್ (ದ್ರವದ ಚೀಲ), ಎಂಡೋಮೆಟ್ರಿಯಮ್‌ಗೆ (ಗರ್ಭಕೋಶದ ಒಳಪದರ) ಅಂಟಿಕೊಳ್ಳದ ಬಿಳಿ ದ್ವೀಪ, ಎಂಡೋಮೆಟ್ರಿಯಮ್‌ನಿಂದ ಸ್ನಾಯುವಿಗೆ ಇಳಿಯೋ ಬಿಳಿ ಗೆರೆ ಅಥವಾ ಮೊಗ್ಗು.

ಮೂತ್ರಕೋಶ ಖಾಲಿ ಮಾಡಿಸಿ, ಗರ್ಭಕೋಶವೇ ಪರದೆ ತುಂಬೋವರೆಗೆ ಜೂಮ್ ಮಾಡಿ, ಗೇನ್ (ಚಿತ್ರದ ಬೆಳಕು) ಸ್ವಲ್ಪ ಇಳಿಸಿ. ಗೇನ್ ಜಾಸ್ತಿ ಇದ್ದರೆ 2 ಮಿ.ಮೀ. ಸಿಸ್ಟ್ ಬಿಳುಪಿನಲ್ಲಿ ಮುಚ್ಚಿಹೋಗುತ್ತೆ. ಕಪ್ಪು ಚುಕ್ಕೆ ಸಿಕ್ಕರೆ ಪಿಆರ್‌ಎಫ್ (ಡಾಪ್ಲರ್ ಸ್ಪಂದನಗಳ ಆವರ್ತನ) 0.3ರಿಂದ 0.6 ಕಿಲೋಹರ್ಟ್ಸ್‌ಗೆ ಇಳಿಸಿ ಕಲರ್ (ರಕ್ತದ ಹರಿವು ಬಣ್ಣದಲ್ಲಿ ತೋರಿಸೋ ಡಾಪ್ಲರ್) ಹಾಕಿ. ಬಣ್ಣ ತುಂಬಿತೋ, ಅದು ಆರ್ಕ್ಯುಯೇಟ್ ರಕ್ತನಾಳ (ಗೋಡೆಯೊಳಗೆ ಬಾಗಿ ಹೋಗೋದು), ಸಿಸ್ಟ್ ಅಲ್ಲ. ಫೈಬ್ರಾಯ್ಡ್ ಆದರೆ ರಕ್ತನಾಳ ಸುತ್ತ ಉಂಗುರ ಕಟ್ಟುತ್ತೆ. ಅಡಿನೊಮಯೋಸಿಸ್‌ನಲ್ಲಿ ರೋಗ ಇರೋ ಜಾಗದ ಮಧ್ಯೆಯೇ ಹಾದುಹೋಗುತ್ತೆ.

ಟಿ2_ಸ್ಯಾಜಿಟಲ್:
ಗರ್ಭಕೋಶ ಸಂಕುಚಿಸಿದಾಗಲೂ ಒಂದು ಕಡೆ ಗೋಡೆ ಉಬ್ಬುತ್ತೆ, ಇದಕ್ಕೇ ಮೋಸ ಹೋಗೋರು ಜಾಸ್ತಿ. ಸ್ಕ್ಯಾನ್ ಮುಗಿಸೋ ಮುಂಚೆ ಅದೇ ಜಾಗ ಮತ್ತೊಮ್ಮೆ ನೋಡಿ.

ಎಂಆರ್‌ಐನಲ್ಲೂ ಅಷ್ಟೆ: ಟಿ2 ಸ್ಯಾಜಿಟಲ್ (ದ್ರವ ಬಿಳಿಯಾಗಿ ಕಾಣೋ, ಪಕ್ಕದಿಂದ ನೋಡೋ ಚಿತ್ರ) ಶುರುವಲ್ಲಿ ಒಂದು, ಕೊನೆಗೆ ಒಂದು. ಎರಡರಲ್ಲೂ ಅದೇ ಜಾಗ ದಪ್ಪ ಇದ್ದರೆ ಮಾತ್ರ ನಂಬಿ. ಅಡ್ಡ ಸ್ಲೈಸ್‌ಗಳನ್ನು ಎಂಡೋಮೆಟ್ರಿಯಮ್ ಗೆರೆಗೆ ಲಂಬವಾಗಿ, 3–4 ಮಿ.ಮೀ. ದಪ್ಪಕ್ಕೆ ಇಡಿ; ಓರೆ ಆದರೆ ಜಂಕ್ಷನಲ್ ಜೋನ್ (ಎಂಡೋಮೆಟ್ರಿಯಮ್ ಪಕ್ಕದ ಒಳ ಸ್ನಾಯುಪದರ) ಸುಳ್ಳೇ ದಪ್ಪ ಕಾಣುತ್ತೆ. ಅದರ ದಪ್ಪ 12 ಮಿ.ಮೀ. ಅಥವಾ ಹೆಚ್ಚು ಇದ್ದರೆ ಅಡಿನೊಮಯೋಸಿಸ್ ಪರ. 8ರಿಂದ 12ರ ನಡುವೆ ಇದ್ದರೆ ಗರಿಷ್ಠ–ಕನಿಷ್ಠ ವ್ಯತ್ಯಾಸ 5 ಮಿ.ಮೀ. ದಾಟಿದೆಯಾ, ಆ ಜಾಗದ ಗೋಡೆ ದಪ್ಪದ 40% ಮೀರಿದೆಯಾ, ಟಿ2ನಲ್ಲಿ ಬಿಳಿ ಚುಕ್ಕೆ ಇದೆಯಾ ನೋಡಿ. ಆ ಚುಕ್ಕೆ ಇದ್ದರೆ ಅಳತೆಗಿಂತ ಅದಕ್ಕೇ ಬೆಲೆ ಜಾಸ್ತಿ.

ಮುಟ್ಟಿನ ದಿನಗಳಲ್ಲಿ ಬುಕ್ ಮಾಡಬೇಡಿ, ಆಗ ಜಂಕ್ಷನಲ್ ಜೋನ್ ತಾನಾಗಿ ದಪ್ಪ ಆಗಿರುತ್ತೆ. ಹಾರ್ಮೋನ್ ಮಾತ್ರೆ, ಇಂಜೆಕ್ಷನ್ ನಡೀತಿದ್ದರೆ ಫಾರ್ಮ್‌ನಲ್ಲಿ ಬರೆಸಿ.

ಸ್ಲೈಡಿಂಗ್_ಸೈನ್:
ಅಡಿನೊಮಯೋಸಿಸ್ ಹಿಂಗೋಡೆಯ ಹೊರಪದರದಲ್ಲೇ ಇದ್ದರೆ ಡೀಪ್ ಎಂಡೋಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಆಳವಾಗಿ ಬೆಳೆಯೋದು) ಜೊತೆಗಿರಬಹುದು. ಪ್ರೋಬ್‌ನಿಂದ ಮೆಲ್ಲಗೆ ಒತ್ತಿ, ಗುದನಾಳ ಗರ್ಭಕೋಶದ ಮೇಲೆ ಜಾರುತ್ತಾ ನೋಡಿ. ಇನ್ನು ಟಿವಿಎಸ್ ಮಾಡಲಾಗದ ಅವಿವಾಹಿತರಲ್ಲಿ ಹೊಟ್ಟೆ ಮೇಲಿನ ಸ್ಕ್ಯಾನ್ ನಂಬಿ ‘ಇಲ್ಲ’ ಅನ್ನಬೇಡಿ, ಎಂಆರ್‌ಐ ಸೂಚಿಸಿ.

ರೇಡಿಯೋ_ಪಿಜಿ:
ಧನ್ಯವಾದ. ಚಿತ್ರಗಳನ್ನ ಮತ್ತೆ ನೋಡಿದೆ: ಹಿಂಗೋಡೆಯಲ್ಲಿ 3 ಮಿ.ಮೀ. ಸಿಸ್ಟ್ ಎರಡು, ಕಲರ್ ತುಂಬಿಲ್ಲ. ಹೇಗೆ ಬರೆಯಲಿ?

ಬೀಸಣಿಗೆ:
‘ಬಲ್ಕಿ’ ತೆಗೆದುಬಿಡಿ, ಅಳತೆ ಬರೆಯಿರಿ. ಆಮೇಲೆ ಯಾವ ಗೋಡೆ, ಫೋಕಲ್ಲಾ (ಒಂದೇ ಜಾಗ) ಡಿಫ್ಯೂಸಾ (ಹರಡಿದ್ದು), ಯಾವ ಪದರ, ಅತಿ ದೊಡ್ಡ ಸಿಸ್ಟ್ ಎಷ್ಟು, ಗರ್ಭಕೋಶದ ಎಷ್ಟು ಭಾಗ: 25%ಗಿಂತ ಕಡಿಮೆ, 25–50, ಅಥವಾ 50ಕ್ಕಿಂತ ಹೆಚ್ಚು. ಎರಡು ಸಿಸ್ಟ್ ಸಿಕ್ಕಿರೋದರಿಂದ ಈ ಕೇಸಿಗೆ ಎಂಆರ್‌ಐ ತುರ್ತೇನಿಲ್ಲ, ಆಪರೇಷನ್ ಯೋಚನೆ ಇದ್ದರೆ ಮಾಡಿಸಲಿ.