ಪದಚರ್ಚೆ: ಪುಟಕ್ಕೆ ಬೀಗವೋ, ಚಿಲಕವೋ, ಗೂಟವೋ?

ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು, ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್‌ನ ಮೆಮೊರಿ ನಿರ್ವಹಣೆಯ ಟಿಪ್ಪಣಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಪೇಜ್ (ಮೆಮೊರಿಯನ್ನು ಭಾಗ ಮಾಡಿದ ಸಮಗಾತ್ರದ ತುಂಡು) ಎಂದರೆ ‘ಪುಟ’, ಅದರಲ್ಲಿ ತಕರಾರಿಲ್ಲ. ತೊಡಕು ‘ಲಾಕ್’ನದು. ಪೇಜ್ ಲಾಕ್, ಎಂಲಾಕ್, ಪಿನ್ ಮೂರಕ್ಕೂ ಕರಡಿನಲ್ಲಿ ‘ಪುಟಕ್ಕೆ ಬೀಗ ಹಾಕು’ ಎಂದೇ ಇದೆ. ಇವು ಮೂರು ಬೇರೆ ಕೆಲಸಗಳು. ಪದ ಒಂದೇ ಆದರೆ ಓದಿದವರು ಬರೆಯುವ ಕೋಡ್ ಕೆಡುತ್ತದೆ.

ಪೇಜ್ ಲಾಕ್ ಎಂಬುದು ಪುಟದ ಸ್ಥಿತಿ ತೋರಿಸುವ ಫ್ಲಾಗುಗಳಲ್ಲಿ ಒಂದು ಬಿಟ್, ಅಷ್ಟೆ. ಡಿಸ್ಕಿನಿಂದ ತುಂಬುವಾಗ, ಫೈಲನ್ನು ಮೊಟಕು ಮಾಡುವಾಗ ಪುಟಕ್ಕೆ ಇಬ್ಬರು ಕೈಹಾಕದಂತೆ ತಡೆಯುತ್ತದೆ. ಅದು ಬೇರೆಯವರಲ್ಲಿದ್ದರೆ ಕೇಳಿದ ಥ್ರೆಡ್ (ಓಡುತ್ತಿರುವ ಕೋಡಿನ ಒಂದು ಎಳೆ) ಮಲಗಿ ಕಾಯಬೇಕು. ಆದ್ದರಿಂದ ಸ್ಪಿನ್‌ಲಾಕ್ (ಹಿಡಿದವರು ಮಲಗಲೇಬಾರದ ಲಾಕ್) ಹಿಡಿದುಕೊಂಡು ಇದಕ್ಕಾಗಿ ಕಾಯುವಂತಿಲ್ಲ. ಸಿಕ್ಕ ಮೇಲೂ ಪುಟ ಇನ್ನೂ ಅದೇ ಫೈಲಿನದೇ ಎಂದು ಮತ್ತೊಮ್ಮೆ ನೋಡಬೇಕು: ಕಾಯುವಷ್ಟರಲ್ಲಿ ಫೈಲು ಮೊಟಕಾಗಿ ನಂಟು ಹರಿದಿರಬಹುದು. ಒಳಗಿರುವಷ್ಟು ಹೊತ್ತು ಮಾತ್ರ ಹಾಕಿಕೊಳ್ಳುವುದರಿಂದ ‘ಚಿಲಕ’ ಒಪ್ಪುತ್ತದೆ ಎನಿಸುತ್ತದೆ. ಆದರೆ ಚಿಲಕ ತೆಗೆಯುವವರು ಒಳಗಿದ್ದವರೇ. ಇಲ್ಲಿ ಹಾಗಲ್ಲ, ಓದಲು ಕೊಟ್ಟ ಥ್ರೆಡ್ ಬಿಟ್ ಹಾಕುತ್ತದೆ, ಡಿಸ್ಕಿನ ಕೆಲಸ ಮುಗಿದಾಗ ಓಡುವ ಬೇರೆ ಕೋಡ್ ಅದನ್ನು ತೆಗೆಯುತ್ತದೆ. ಕೀಲಿಕೈ ಇನ್ನೊಬ್ಬರಿಗೆ ಕೊಟ್ಟು ಹೋಗಬಹುದಾದ್ದು ಬೀಗ. ಹಾಗಾಗಿ ಇದೊಂದಕ್ಕೇ ‘ಬೀಗ’ ಇರಲಿ.

ಪ್ರೋಗ್ರಾಂ ಕರ್ನಲ್ಲಿಗೆ ಕೊಡುವ ಎಂಲಾಕ್ (mlock) ಕರೆ ಹೇಳುವುದು ಬೇರೆ: ಈ ಪುಟವನ್ನು ಡಿಸ್ಕಿನ ಮೇಲಿನ ತಂಗುಜಾಗವಾದ ಸ್ವಾಪ್‌ಗೆ ಕಳಿಸಬೇಡ, ರ‍್ಯಾಮ್‌ನಲ್ಲೇ ಇರಲಿ. ರ‍್ಯಾಮ್‌ನಲ್ಲಿ ಎಲ್ಲಿ ಎಂಬ ಮಾತು ಅದರಲ್ಲಿಲ್ಲ. ಕರ್ನಲ್ ಚದುರಿದ ಖಾಲಿ ಜಾಗ ಒಟ್ಟು ಮಾಡುವಾಗ ಎಂಲಾಕ್ ಆದ ಪುಟವನ್ನೂ ಎತ್ತಿ ಬೇರೆಡೆ ಇಡಬಹುದು, ಭೌತಿಕ ವಿಳಾಸ ಬದಲಾಗಬಹುದು. ನಮ್ಮ ಕಡೆ ದನ ‘ಕೂಡಿಹಾಕುವುದು’ ಎನ್ನುತ್ತೇವಲ್ಲ, ಅದೇ ಇದು: ಕೊಟ್ಟಿಗೆ ಬಿಟ್ಟು ಹೋಗದು, ಒಳಗೆ ಜಾಗ ಬದಲಿಸೀತು. ಇನ್ನೊಂದು ಹೊಂದಿಕೆಯೂ ಇದೆ. ಎಂಲಾಕ್‌ಗೆ ಲೆಕ್ಕವಿಲ್ಲ, ಎರಡು ಸಲ ಕರೆದು ಒಂದೇ ಸಲ ಬಿಡಿಸಿದರೂ ಪುಟ ಬಿಟ್ಟುಹೋಗುತ್ತದೆ. ಬಾಗಿಲು ಎರಡು ಸಲ ಮುಚ್ಚಿದರೂ ತೆರೆಯುವುದು ಒಂದೇ ಸಲ. ಒಂದು ಬೈಟ್ ಕೇಳಿದರೂ 4096 ಬೈಟಿನ ಇಡೀ ಪುಟ ಒಳಗಾಗುತ್ತದೆ ಎಂಬುದನ್ನೂ, ಸಾಮಾನ್ಯ ಬಳಕೆದಾರರು ಎಂಲಾಕ್ ಮಾಡಬಹುದಾದ ಮೆಮೊರಿಯ ಡೀಫಾಲ್ಟ್ ಮಿತಿ ಲಿನಕ್ಸ್ 5.16ರಲ್ಲಿ 64 ಕೆಬಿಯಿಂದ 8 ಎಂಬಿಗೆ ಏರಿತು ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಬೇಕು.

ಪಿನ್‌ಗೆ ‘ಗೂಟಕ್ಕೆ ಕಟ್ಟು’. ಸಾಧನವೊಂದು ಡಿಎಂಎ ಮೂಲಕ, ಅಂದರೆ ಸಿಪಿಯು ನಡುವೆ ಬಾರದೆ, ಮೆಮೊರಿಗೆ ನೇರವಾಗಿ ಬರೆಯುತ್ತಿರುವಾಗ ಪುಟ ಇದ್ದಲ್ಲೇ ಇರಬೇಕು, ಕದಲಕೂಡದು. ಇದಕ್ಕೆ ಲೆಕ್ಕವುಂಟು, ಎಷ್ಟು ಹಗ್ಗ ಕಟ್ಟಿದೆಯೋ ಅಷ್ಟನ್ನೂ ಬಿಚ್ಚಬೇಕು. ಒಂದು ಮರೆತರೆ ಪುಟ ಅಲ್ಲೇ ಉಳಿಯುತ್ತದೆ. 2 ಎಂಬಿಯ ದೊಡ್ಡ ಪುಟಕ್ಕೆ 512 ಸಣ್ಣ ಪುಟಗಳ ಜಾಗ ಸಾಲಾಗಿ ಖಾಲಿಯಾಗಬೇಕು, ನಡುವೆ ಗೂಟಕ್ಕೆ ಕಟ್ಟಿದ ಒಂದೇ ಒಂದು ಪುಟ ಸಾಕು ಕೆಡಿಸಲು. ಎಂಲಾಕ್‌ಗೂ ಇದಕ್ಕೂ ‘ಬೀಗ’ ಎಂದೇ ಬರೆದರೆ, ಎಂಲಾಕ್ ಮಾಡಿದ ಪುಟದ ಭೌತಿಕ ವಿಳಾಸವನ್ನೇ ಸಾಧನಕ್ಕೆ ಕೊಟ್ಟುಬಿಡುವವರು ಇರುತ್ತಾರೆ. ಪುಟ ಸರಿದ ಮೇಲೆ ಸಾಧನ ಬರೆಯುವುದು ಯಾರದೋ ಮೆಮೊರಿಗೆ.

ಬಲ್ಲವರಲ್ಲಿ ಕೇಳುವುದು ಎರಡು. ಕರಾವಳಿ, ಮೈಸೂರು ಕಡೆಯವರಿಗೆ ‘ಕೂಡಿಹಾಕು’ ಎಂದರೆ ಇದೇ ಅರ್ಥ ಬರುತ್ತದೆಯೇ, ಇಲ್ಲ ಶಿಕ್ಷೆಯ ಛಾಯೆಯೇ ಮುಂದಾಗುತ್ತದೆಯೇ? ‘ಗೂಟಕ್ಕೆ ಕಟ್ಟಿದ ಪುಟ’ ಉದ್ದವಾಯಿತು; ‘ಗೂಟಪುಟ’ ಎಂಬ ಸಮಾಸ ಕಿವಿಗೆ ಒಗ್ಗೀತೇ?