ಏರಿನಲ್ಲಿ ಕಾಲಿಗಿಂತ ಮೊದಲು ಮನಸ್ಸು ಸೋಲುವುದೇಕೆ?

ಪ್ರಶ್ನೆ: ಸೈಕಲ್‌ನಲ್ಲಿ ಶೇ. 8ರ ಏರು (100 ಮೀಟರ್‌ಗೆ 8 ಮೀಟರ್ ಎತ್ತರ), 20 ನಿಮಿಷದ ತುಳಿತ. ಹೃದಯಬಡಿತ, ವಾಟ್ಸ್ (ತುಳಿತದ ಶಕ್ತಿ) ಎರಡೂ ಎಂದಿನಷ್ಟೇ. ಆದರೂ ಕೆಲವು ದಿನ ಅರ್ಧಕ್ಕೇ ಇಳಿದುಬಿಡೋಣ ಅನಿಸುತ್ತದೆ. ಏಕೆ?

ಉತ್ತರ 1: ಅವತ್ತು ತಲೆಗೆ ಕೆಲಸ ಹೆಚ್ಚಾಗಿತ್ತೇ ನೋಡಿ. 2009ರಲ್ಲಿ ವ್ಯಾಯಾಮ ವಿಜ್ಞಾನಿ ಸಾಮುಯೆಲೆ ಮಾರ್ಕೋರಾ ತಂಡದ ಪ್ರಯೋಗದಲ್ಲಿ, 90 ನಿಮಿಷ ಏಕಾಗ್ರತೆ ಬೇಡುವ ಕೆಲಸ ಮಾಡಿ ಸೈಕಲ್ ತುಳಿದವರು ಬೇಗ ಕೈಚೆಲ್ಲಿದರು. ಹೃದಯ, ಸ್ನಾಯುಗಳಲ್ಲಿ ಅದಕ್ಕೆ ಕಾರಣ ಸಿಗಲಿಲ್ಲ. ಶ್ರಮದ ಅನುಭವ ಮಾತ್ರ ಹೆಚ್ಚಿತ್ತು. ಹಾಗಾಗಿ ಕಠಿಣ ಏರಿನ ದಿನ, ತಲೆ ದಣಿಯುವ ಮುನ್ನ ಬೆಳಗ್ಗೆಯೇ ತುಳಿಯುವುದು ಮೇಲು.

ಉತ್ತರ 2: ಎಷ್ಟು ಶ್ರಮ ಅನಿಸುತ್ತಿದೆ ಎಂದು ನೀವೇ ಅಂಕ ಕೊಟ್ಟುಕೊಳ್ಳುವ, 6ರಿಂದ 20ರ ಬೋರ್ಗ್ ಮಾಪಕ ಬಳಸಿ. ಮೊದಲ 5 ನಿಮಿಷ 14 ದಾಟಬೇಡಿ. ಆಗಲೇ 17 ಮುಟ್ಟಿದರೆ ಉಳಿದದ್ದು ಬರೀ ಒದ್ದಾಟ. ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 70ಕ್ಕಿಂತ ಕೆಳಗಿಳಿದರೆ ಹಗುರ ಗೇರ್‌ಗೆ ಬನ್ನಿ.

ಉತ್ತರ 3: ತುದಿ ನೋಡಬೇಡಿ, ಮುಂದಿನ ತಿರುವು ಸಾಕು. ಹೆಗಲು, ದವಡೆ ಸಡಿಲಬಿಡಿ.